ಹೈದರಾಬಾದಿನ ಕನ್ನಡ ಮಕ್ಕಳು ಮತ್ತು ಸಮೂಹಗಾನದ ಶಿಕ್ಷಣ

೧

ಶಾಲೆಯಲ್ಲಿ ಸಂಗೀತಕ್ಕೆ ಯಾವ ಸ್ಥಾನವಿರಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ ದೊರೆಯುವ ಉತ್ತರ ಸಾಮಾನ್ಯವಾಗಿ ಎರಡು ಬಗೆಯದು. ಸಂಗೀತ ಕೆಲವರಿಗೆ ಮಾತ್ರ ಒಲಿಯುವ ವಿದ್ಯೆ, ಆದ್ದರಿಂದ ಅದನ್ನು ಗುರುವಿನ ಮನೆಗೆ ಬಿಡುವುದೇ ಲೇಸು ಎಂಬುದು ಒಂದು. ವಾರ್ಷಿಕೋತ್ಸವಕ್ಕೆ, ರಾಜ್ಯೋತ್ಸವಕ್ಕೆ, ಅತಿಥಿಗಳ ಸ್ವಾಗತಕ್ಕೆ ಬೇಕಾದ ನಾಲ್ಕು ಹಾಡುಗಳನ್ನು ಹದಿನೈದು ದಿನ ಮೊದಲು ಕಲಿಸಿದರೆ ಸಾಕು ಎಂಬುದು ಇನ್ನೊಂದು. ಮೇಲುನೋಟಕ್ಕೆ ಇವೆರಡೂ ಬೇರೆಬೇರೆಯಾಗಿ ಕಂಡರೂ ಪರಿಣಾಮದಲ್ಲಿ ಒಂದೇ ಆಗಿವೆ. ಎರಡೂ ಶಾಲೆಯ ಬಹುಪಾಲು ಮಕ್ಕಳನ್ನು ಸಂಗೀತದ ಹೊರಗೆ ನಿಲ್ಲಿಸುತ್ತವೆ.

ಕರ್ನಾಟಕದೊಳಗಿನ ಶಾಲೆಗೆ ಇದು ಶಿಕ್ಷಣದ ಒಂದು ಲೋಪ ಮಾತ್ರ. ಹೈದರಾಬಾದಿನಂತಹ ನಗರದಲ್ಲಿ ಕನ್ನಡಿಗರು ಕಟ್ಟಿಕೊಂಡ ಶಾಲೆಗೆ ಇದರ ನಷ್ಟ ಅದಕ್ಕಿಂತ ದೊಡ್ಡದು. ಕಾಚಿಗುಡದ ನೃಪತುಂಗ ಶಾಲೆಯನ್ನಾಗಲಿ ಕರ್ನಾಟಕ ಸಾಹಿತ್ಯ ಮಂದಿರವನ್ನಾಗಲಿ ಕಟ್ಟಿದ ತಲೆಮಾರು ಕನ್ನಡವನ್ನು ಮನೆಯ ಮಾತಾಗಿ ತಂದುಕೊಂಡು ಬಂದಿತ್ತು. ಅವರ ಮೊಮ್ಮಕ್ಕಳಿಗೆ ಬೀದಿಯಲ್ಲಿ ದಖ್ಖನಿ, ಅಂಗಡಿಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು, ತೆರೆಯ ಮೇಲೆ ಹಿಂದಿ ಇವೆ. ಕನ್ನಡ ಅಜ್ಜಿಯೊಡನೆ ಆಡುವ ಹತ್ತು ವಾಕ್ಯಗಳಿಗೆ ಇಳಿದಿದೆ. ಇಂಥ ಮಗು ಕನ್ನಡದ ಒಂದು ದೀರ್ಘವಾದ, ಸುಸಂಬದ್ಧವಾದ, ತಪ್ಪಿಲ್ಲದ ಪಾಠವನ್ನು ಬಾಯಿತುಂಬ ಉಚ್ಚರಿಸುವ ಸಂದರ್ಭ ದಿನದಲ್ಲಿ ಎಷ್ಟು ಸಲ ಬರುತ್ತದೆ ಎಂದು ಕೇಳಿಕೊಂಡರೆ ಬೆಳಗಿನ ಪ್ರಾರ್ಥನೆಯ ಹತ್ತು ನಿಮಿಷಗಳ ಕಡೆಗೇ ಬೊಟ್ಟುಮಾಡಬೇಕಾಗುತ್ತದೆ. ಆ ಹತ್ತು ನಿಮಿಷಗಳನ್ನು ಶಾಲೆ ಹೇಗೆ ಬಳಸುತ್ತದೆ ಎಂಬುದು ಸಂಗೀತಕ್ಕೆ ಸಂಬಂಧಿಸಿದಷ್ಟೇ ಭಾಷೆಗೂ ಸಂಬಂಧಿಸಿದ ವಿಚಾರ. ಎಲ್ಲ ಮಕ್ಕಳಿಗೂ, ಅದರಲ್ಲೂ ಸ್ವರ ಸೇರದ ಮಕ್ಕಳಿಗೆ, ಒಟ್ಟಾಗಿ ಹಾಡುವುದನ್ನು ಕ್ರಮವಾಗಿ ಕಲಿಸುವುದು ಹೊರನಾಡಿನ ಕನ್ನಡ ಶಾಲೆಯ ಮೊದಲ ಕರ್ತವ್ಯಗಳಲ್ಲಿ ಒಂದು ಎಂಬುದೇ ಪ್ರಸ್ತುತ ಪ್ರಬಂಧದ ನಿಲುವು.

೨

ಸಮೂಹಗಾನ ಪಶ್ಚಿಮದಿಂದ ಬಂದದ್ದು, ಭಾರತೀಯ ಸಂಗೀತ ಏಕವ್ಯಕ್ತಿಯ ಮನೋಧರ್ಮವನ್ನು ನಂಬಿದ್ದು ಎಂಬ ಅಭಿಪ್ರಾಯ ವಿದ್ಯಾವಂತರಲ್ಲಿ ಬಲವಾಗಿದೆ. ಕಛೇರಿಯ ಮಟ್ಟಿಗೆ ಇದು ನಿಜವಿರಬಹುದು. ಆದರೆ ಶಾಸ್ತ್ರವೂ ಜನಪದವೂ ಬೇರೆಯದನ್ನೇ ಹೇಳುತ್ತವೆ.

ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಗಿರಿಯ ಸೇವುಣ ಅರಸು ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದಲ್ಲಿ ವೃಂದಗಾನವನ್ನು ವಿವರವಾಗಿ ಚರ್ಚಿಸಿದ್ದಾನೆ. ಆ ದೇವಗಿರಿಯೇ ದೌಲತಾಬಾದಾಗಿ ೧೯೫೬ರವರೆಗೆ ಹೈದರಾಬಾದ್ ಸಂಸ್ಥಾನದ, ಬಳಿಕ ರಾಜ್ಯದ ಭಾಗವಾಗಿತ್ತೆಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಶಾರ್ಙ್ಗದೇವನ ಪ್ರಕಾರ ಉತ್ತಮ ಗಾಯಕವೃಂದದಲ್ಲಿ ೪ ಮಂದಿ ಮುಖ್ಯಗಾಯಕರು, ೮ ಮಂದಿ ಸಮಗಾಯಕರು, ೧೨ ಮಂದಿ ಗಾಯಕಿಯರು, ಜೊತೆಗೆ ೪ ಕೊಳಲು, ೪ ಮದ್ದಳೆ ಇರಬೇಕು. ಈ ಲೆಕ್ಕಕ್ಕಿಂತಲೂ ಆತ ಹೇಳುವ ವೃಂದದ ಆರು ಗುಣಗಳು ಹೆಚ್ಚು ಮನನೀಯ. ಮುಖ್ಯಗಾಯಕನನ್ನು ಅನುಸರಿಸುವುದು, ದನಿಗಳು ಬೆರೆಯುವುದು, ತಾಳವನ್ನು ಹಿಡಿದು ನಡೆಯುವುದು, ಒಬ್ಬರಲ್ಲಿ ಕಡಿದದ್ದನ್ನು ಇನ್ನೊಬ್ಬರು ತುಂಬಿಕೊಡುವುದು, ಮೂರೂ ಸ್ಥಾಯಿಗಳಲ್ಲಿ ವ್ಯಾಪಿಸುವ ಶಕ್ತಿ, ನಾದದ ಹೋಲಿಕೆ - ಇವು ಆ ಆರು. ಇವುಗಳಲ್ಲಿ ನಾಲ್ಕನೆಯದನ್ನು ಶಾಸ್ತ್ರಕಾರನು 'ಮಿಥಸ್ತ್ರುಟಿತನಿರ್ವಾಹ'ವೆಂದು ಕರೆಯುತ್ತಾನೆ. ಒಬ್ಬನ ಉಸಿರು ಮುಗಿದಲ್ಲಿ ಪಕ್ಕದವನ ದನಿ ನಿಂತಿರುತ್ತದೆ. ಹೀಗಾಗಿ ಹಾಡು ತುಂಡಾಗುವುದಿಲ್ಲ. ಏಕವ್ಯಕ್ತಿ ಗಾಯನದಲ್ಲಿ ದೋಷವಾಗುವುದು ವೃಂದದಲ್ಲಿ ನಿರ್ವಾಹವಾಗುತ್ತದೆ. ಏಳುನೂರೈವತ್ತು ವರ್ಷಗಳಿಗೂ ಹಿಂದಿನ ಈ ಮಾತು ಇಂದಿನ ತರಗತಿಗೆ ನೇರವಾಗಿ ಅನ್ವಯಿಸುತ್ತದೆ.

ಜನಪದದ ಸಾಕ್ಷ್ಯ ಇನ್ನೂ ಹತ್ತಿರದ್ದು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳಿಂದ ಹೈದರಾಬಾದಿಗೆ ಬಂದ ಕನ್ನಡಿಗರ ಹಿನ್ನೆಲೆಯಲ್ಲಿ ಏಕಾಂತದ ಹಾಡಿಗಿಂತ ಮೇಳದ ಹಾಡೇ ಹೆಚ್ಚು. ಮಾನ್ವಿಯ ಜಗನ್ನಾಥದಾಸರ 'ಹರಿಕಥಾಮೃತಸಾರ'ದ ಪಾರಾಯಣದಲ್ಲಿ ಹತ್ತಾರು ಕಂಠಗಳು ಒಂದೇ ಧಾಟಿಯಲ್ಲಿ ಸೇರುತ್ತವೆ. ಕಡಕೋಳ ಮಡಿವಾಳಪ್ಪನವರ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ತತ್ತ್ವಪದಗಳನ್ನು ಏಕತಾರಿ, ದಮ್ಮಡಿಗಳೊಡನೆ ಭಜನೆಯ ಮೇಳ ಹಾಡುತ್ತದೆ. ಮೊಹರಮ್ಮಿನಲ್ಲಿ ರಿವಾಯತ ಪದಗಳನ್ನು ಕಟ್ಟಿ ಹಾಡುವ ತಂಡಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ನಿಲ್ಲುತ್ತಾರೆ; ಒಬ್ಬ ಸೊಲ್ಲನ್ನು ಎತ್ತಿಕೊಟ್ಟರೆ ಉಳಿದವರು ಅದನ್ನು ಹಿಡಿದು ಮೇಲೇರಿಸುತ್ತಾರೆ. ಬೀಸುವ, ಕುಟ್ಟುವ, ಸೋಬಾನೆಯ ಪದಗಳಲ್ಲಿ ಹೆಣ್ಣುಮಕ್ಕಳು ಎರಡು ಪಂಗಡವಾಗಿ ಒಬ್ಬರ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಬೀದರ, ಕಲಬುರಗಿ ಕಡೆಯ ಕ್ರೈಸ್ತ ಸಭೆಗಳಲ್ಲಿ ಕನ್ನಡ ಕೀರ್ತನೆಗಳನ್ನು ಸಭೆಗೆ ಸಭೆಯೇ ಹಾಡುತ್ತದೆ. ಈ ಎಲ್ಲ ಕಡೆಗಳಲ್ಲಿ ಯಾರನ್ನೂ ಮೊದಲು ಪರೀಕ್ಷಿಸಿ ಒಳಗೆ ಬಿಡುವುದಿಲ್ಲ. ಕೂತವರೆಲ್ಲ ಹಾಡುವವರೇ. ದನಿ ಕೆಟ್ಟವನು ಮೇಳದ ನಡುವೆ ಕೂತು ಕಾಲಕ್ರಮದಲ್ಲಿ ಸರಿಹೋಗುತ್ತಾನೆ. ಶಾಲೆ ಮಾತ್ರ ಈ ಪರಂಪರೆಗೆ ವಿರುದ್ಧವಾಗಿ ನಡೆದುಕೊಂಡಿದೆ.

೩

ಹೈದರಾಬಾದಿನಲ್ಲಿ ಒಟ್ಟಾಗಿ ಹಾಡುವುದು ಎಂದೂ ನಿರುಪದ್ರವಿಯಾದ ಮನರಂಜನೆಯಾಗಿರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ದಿನ ಪ್ರಭುವಿನ ಶ್ರೇಯಸ್ಸನ್ನು ಹಾರೈಸುವ ಉರ್ದು ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ತೆಲುಗು, ಮರಾಠಿ, ಕನ್ನಡ ಮನೆಮಾತಿನ ಮಕ್ಕಳು ಅರ್ಥ ತಿಳಿಯದೆ ಅದನ್ನು ಹಾಡಿದರು. ೧೯೧೮ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ೧೯೩೮ರ ಕೊನೆಯಲ್ಲಿ ನಡೆದ ಘಟನೆ ಪ್ರಸಿದ್ಧ. ವಿದ್ಯಾರ್ಥಿನಿಲಯಗಳಲ್ಲಿ 'ವಂದೇ ಮಾತರಂ' ಹಾಡುವುದನ್ನು ಅಧಿಕಾರಿಗಳು ತಡೆದರು. ವಿದ್ಯಾರ್ಥಿಗಳು ಬಿಡಲಿಲ್ಲ. ನೂರಾರು ಮಂದಿ ವಿದ್ಯಾಲಯದಿಂದ ಹೊರಬಿದ್ದು ನಾಗಪುರದಲ್ಲಿ ಓದು ಮುಂದುವರಿಸಿದರು. ಮುಂದೆ ದೇಶದ ಪ್ರಧಾನಿಯಾದ ಪಿ.ವಿ. ನರಸಿಂಹರಾಯರು ಅವರಲ್ಲೊಬ್ಬರು. ಸೆರೆಮನೆಯಲ್ಲಿ ಏಟು ಬೀಳುತ್ತಿದ್ದರೂ ಆ ಘೋಷವನ್ನು ಬಿಡದ ರಾಮಚಂದ್ರರಾವ್ ಎಂಬ ಯುವಕನಿಗೆ 'ವಂದೇಮಾತರಂ' ಎಂಬುದೇ ಹೆಸರಿನ ಭಾಗವಾಗಿ ಉಳಿಯಿತು.

ಈ ಇತಿಹಾಸದಿಂದ ಸಾಮಾನ್ಯವಾಗಿ ತೆಗೆಯುವ ಪಾಠ ಹಾಡಿನ ಶಕ್ತಿಯನ್ನು ಕುರಿತದ್ದು. ಅದರೊಳಗೆ ಇನ್ನೊಂದು ಪಾಠವೂ ಇದೆ. ಒಂದೇ ನಗರ ಒಂದೇ ಕಾಲದಲ್ಲಿ ಎರಡು ಬಗೆಯ ಸಮೂಹಗಾನವನ್ನು ಕಂಡಿತು: ಅಪ್ಪಣೆಯಿಂದ ಹಾಡಿಸಿದ್ದು, ಅಪ್ಪಣೆಯನ್ನು ಮೀರಿ ಹಾಡಿದ್ದು. ರಾಗ, ತಾಳ, ಸಂಖ್ಯೆಗಳಿಂದ ಇವುಗಳ ವ್ಯತ್ಯಾಸ ತಿಳಿಯುವುದಿಲ್ಲ. ಹಾಡುವವನು ತನ್ನ ದನಿಯನ್ನು ತಾನೇ ಕೊಟ್ಟನೆ ಎಂಬುದರಲ್ಲಿ ಅದು ಇದೆ. ಸ್ವತಂತ್ರ ಭಾರತದ ನ್ಯಾಯಾಂಗವೂ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ೧೯೮೫ರಲ್ಲಿ ಕೇರಳದ ಶಾಲೆಯೊಂದರಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದುನಿಂತರೂ ತಮ್ಮ ಮತವಿಶ್ವಾಸದ ಕಾರಣದಿಂದ ದನಿಗೂಡಿಸದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ೧೯೮೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮಕ್ಕಳ ಪರವಾಗಿ ತೀರ್ಪಿತ್ತಿತು. ಮೇಳದಲ್ಲಿ ಮೌನವಾಗಿರುವ ಹಕ್ಕು ಮಗುವಿಗೆ ಇದೆ ಎಂದಮೇಲೆ ಹಾಡುವ ಮಗುವಿನ ದನಿಗೆ ಬೆಲೆ ಬರುತ್ತದೆ. ಸಮೂಹಗಾನವನ್ನು ಶಿಸ್ತಿನ ಕವಾಯತಾಗಿ ನೋಡುವ ಶಿಕ್ಷಕರು ಇದನ್ನು ಮರೆಯಬಾರದು. ಸಾಲಾಗಿ ನಿಲ್ಲಿಸಿ, ಬೆತ್ತದ ಅಂಚಿನಲ್ಲಿ ಹಾಡಿಸಿದ ಗೀತೆ, ಅದು ಕನ್ನಡದ್ದೇ ಆಗಿದ್ದರೂ, ಹಳೆಯ ಸಂಸ್ಥಾನದ ಪ್ರಾರ್ಥನೆಗಿಂತ ಹೆಚ್ಚೇನನ್ನೂ ಮಗುವಿಗೆ ಕೊಡುವುದಿಲ್ಲ.

೪

ಇಂದಿನ ಶಾಲೆಗಳಲ್ಲಿ ಸಮೂಹಗಾನವನ್ನು ಕೆಡಿಸಿರುವ ಅಂಶಗಳು ಮುಖ್ಯವಾಗಿ ಮೂರು.

ಮೊದಲನೆಯದು ಆಯ್ಕೆ. ಅಂತರಶಾಲಾ ಸ್ಪರ್ಧೆಗೆ ಎಂಟು ಹತ್ತು ಮಕ್ಕಳ ತಂಡ ಬೇಕು. ಮನೆಯಲ್ಲಿ ಪಾಠ ಹೇಳಿಸಿಕೊಳ್ಳುವ ಮಕ್ಕಳನ್ನು ಆರಿಸಲಾಗುತ್ತದೆ. ಆ ಮಕ್ಕಳೇ ಐದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಶಾಲೆಯ 'ಹಾಡುವವರು' ಆಗಿ ಉಳಿಯುತ್ತಾರೆ. ಉಳಿದ ನಾನೂರು ಮಂದಿ ಕೇಳುಗರು. ಪ್ರಾರ್ಥನೆಯ ಸಾಲಿನಲ್ಲಿಯೂ ಅಪಸ್ವರದ ಮಗುವಿಗೆ ಸುಮ್ಮನೆ ತುಟಿ ಆಡಿಸಲು ಹೇಳುವುದುಂಟು. ಹೇಳುವವರ ಪಾಲಿಗೆ ಅದು ಆ ಕ್ಷಣದ ಅನುಕೂಲ. ಕೇಳಿದ ಮಗು ಅದನ್ನು ತನ್ನ ಬಗೆಗಿನ ತೀರ್ಪಾಗಿ ಒಪ್ಪಿಕೊಂಡು ಬದುಕಿನುದ್ದಕ್ಕೂ ಹಾಡದೆ ಇದ್ದುಬಿಡುತ್ತದೆ. ಹೊರನಾಡಿನ ಕನ್ನಡ ಮಗುವಿನ ವಿಷಯದಲ್ಲಿ ಈ ತೀರ್ಪು ಎರಡು ಪಟ್ಟು ಕಠಿಣ. ಕನ್ನಡವನ್ನು ಗಟ್ಟಿಯಾಗಿ ನುಡಿಯುವ ಅದರ ಒಂದೇ ಅವಕಾಶವನ್ನೂ ಇದು ಕಿತ್ತುಕೊಳ್ಳುತ್ತದೆ.

ಎರಡನೆಯದು ಧ್ವನಿಮುದ್ರಣ. ಹಿಂದೆ ಹಾರ್ಮೋನಿಯಂ ಪೆಟ್ಟಿಗೆಯೊಂದು, ಅದನ್ನು ಬಾರಿಸಬಲ್ಲ ಮೇಷ್ಟರೊಬ್ಬರು ಇದ್ದಲ್ಲಿ ಇಂದು ಧ್ವನಿವರ್ಧಕವೊಂದು ಇದೆ. ಸಿದ್ಧವಾದ ವಾದ್ಯಮೇಳದ ಪಟ್ಟಿಯನ್ನು ಹಾಕಿದರೆ ಮಕ್ಕಳು ಅದರ ಮೇಲೆ ಹಾಡುತ್ತಾರೆ. ಈ ಪಟ್ಟಿಯ ಶ್ರುತಿ ವೃತ್ತಿಗಾಯಕರ ಕಂಠಕ್ಕೆ ಹೊಂದಿಸಿದ್ದು, ಮಗುವಿನ ಕಂಠಕ್ಕಲ್ಲ. ಅದರ ಲಯ ಬದಲಾಗದು. ತಡವರಿಸಿದ ಮಗುವಿಗಾಗಿ ಅದು ಕಾಯದು. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡ ಶಬ್ದದಲ್ಲಿ ಮಗುವಿಗೆ ತನ್ನ ದನಿಯೂ ಕೇಳಿಸದು, ಪಕ್ಕದವರ ದನಿಯೂ ಕೇಳಿಸದು. ಕೇಳಿಸಿಕೊಳ್ಳದೆ ದನಿ ಬೆರೆಸುವುದು ಸಾಧ್ಯವಿಲ್ಲ. ಶಾರ್ಙ್ಗದೇವನ ಆರು ಗುಣಗಳಲ್ಲಿ ಒಂದನ್ನಾದರೂ ಧ್ವನಿವರ್ಧಕದಿಂದ ಕಲಿಯಲಾಗದು.

ಮೂರನೆಯದು ಪರೀಕ್ಷೆಯ ಸ್ವರೂಪ. ಕರ್ನಾಟಕದಲ್ಲಿ ಸರಕಾರದ ಪರೀಕ್ಷಾ ಮಂಡಳಿ ನಡೆಸುತ್ತ ಬಂದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಾಗಲಿ, ಹಿಂದುಸ್ತಾನಿಯಲ್ಲಿ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳಾಗಲಿ ಒಬ್ಬ ವಿದ್ಯಾರ್ಥಿಯ ಗಾಯನವನ್ನು ಅಳೆಯುವಂಥವು. ಅವುಗಳ ಉದ್ದೇಶಕ್ಕೆ ಅದು ಸರಿಯೇ. ಆದರೆ ಶಾಲೆಯ ಸಂಗೀತ ಶಿಕ್ಷಕರು ಈ ಪರೀಕ್ಷೆಗಳ ಮೂಲಕವೇ ಸಿದ್ಧರಾಗಿ ಬರುತ್ತಾರೆ. ನಲವತ್ತು ಮಕ್ಕಳ ತರಗತಿಯನ್ನು ಒಟ್ಟಾಗಿ ಹಾಡಿಸುವುದು ಹೇಗೆಂಬುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣ ಕಡ್ಡಾಯವಾಗಬೇಕೆಂದಿತು. ೨೦೨೦ರ ಶಿಕ್ಷಣ ನೀತಿ ಕಲೆಯನ್ನು ಎಲ್ಲ ವಿಷಯಗಳೊಡನೆ ಹೆಣೆಯಬೇಕೆಂದಿತು. ಹೆಣೆಯುವ ಕೈಗಳನ್ನು ಸಿದ್ಧಪಡಿಸದೆ ನೀತಿ ಕಾಗದದಲ್ಲಿಯೇ ಉಳಿಯುತ್ತದೆ.

ಈಚಿನ ನಾಡಗೀತೆಯ ವಿವಾದ ಇದಕ್ಕೆ ಒಳ್ಳೆಯ ನಿದರ್ಶನ. ಕುವೆಂಪು ಅವರ ಕವಿತೆಯನ್ನು ಕರ್ನಾಟಕ ಸರಕಾರ ೨೦೦೪ರಲ್ಲಿ ನಾಡಗೀತೆಯಾಗಿ ಅಂಗೀಕರಿಸಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥರ ಧಾಟಿಯೋ ಎಂಬ ಚರ್ಚೆ ವರ್ಷಗಳ ಕಾಲ ನಡೆದು ೨೦೨೨ರ ಸೆಪ್ಟೆಂಬರಿನಲ್ಲಿ ಅನಂತಸ್ವಾಮಿಯವರ ಧಾಟಿಯೂ ೨ ನಿಮಿಷ ೩೦ ಸೆಕೆಂಡಿನ ಅವಧಿಯೂ ನಿಗದಿಯಾದವು. ಪ್ರಶ್ನೆ ಉಚ್ಚ ನ್ಯಾಯಾಲಯಕ್ಕೂ ಹೋಗಿ ೨೦೨೪ರಲ್ಲಿ ಸರಕಾರದ ಆದೇಶ ಊರ್ಜಿತವಾಯಿತು. ಅದೇ ೨೦೨೪ರಲ್ಲಿ ತೆಲಂಗಾಣ ರಾಜ್ಯವು ಅಂದೆಶ್ರೀ ಅವರ ಗೀತೆಯನ್ನು ಎಂ.ಎಂ. ಕೀರವಾಣಿಯವರ ಸಂಗೀತದಲ್ಲಿ ರಾಜ್ಯಗೀತೆಯಾಗಿ ಸ್ವೀಕರಿಸಿದಾಗಲೂ ಸಂಗೀತ ಯಾರದ್ದಿರಬೇಕೆಂಬ ವಾದ ಎದ್ದಿತು. ಎರಡೂ ರಾಜ್ಯಗಳಲ್ಲಿ ಧಾಟಿ ಯಾರದು, ಎಷ್ಟು ನಿಮಿಷ ಎಂಬ ಚರ್ಚೆ ನಡೆದಷ್ಟು, ಇದನ್ನು ಪ್ರತಿದಿನ ಹಾಡಬೇಕಾದ ಎಂಟು ವರ್ಷದ ಮಗುವಿನ ಕಂಠಕ್ಕೆ ಯಾವ ಶ್ರುತಿ ಹೊಂದುತ್ತದೆ, ಇದನ್ನು ಕಲಿಸುವವರು ಯಾರು ಎಂಬ ಚರ್ಚೆ ನಡೆಯಲಿಲ್ಲ.

೫

ಹಾಗಾದರೆ ಶಾಲೆಯಲ್ಲಿ ಕಲಿಸಬೇಕಾದ್ದು ಏನು? ಇದಕ್ಕೆ ದೊಡ್ಡ ಖರ್ಚಾಗಲಿ ಅಸಾಮಾನ್ಯ ಪ್ರತಿಭೆಯಾಗಲಿ ಬೇಕಿಲ್ಲ. ಕೆಲವು ಮೂಲಸಂಗತಿಗಳ ತಿಳಿವಳಿಕೆ ಬೇಕು.

ಮೊದಲು ಕಂಠದ ವ್ಯಾಪ್ತಿ. ಆರೇಳು ವರ್ಷದ ಮಗು ಸುಖವಾಗಿ ಹಾಡಬಲ್ಲದ್ದು ಐದಾರು ಸ್ವರಗಳಷ್ಟನ್ನು. ಹತ್ತು ವರ್ಷದ ಹೊತ್ತಿಗೆ ಅದು ಒಂದು ಸ್ಥಾಯಿಯನ್ನು ತುಂಬುತ್ತದೆ. ಭಾವಗೀತೆಗಳ ಪ್ರಸಿದ್ಧ ಧಾಟಿಗಳಲ್ಲಿ ಹಲವು ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ ಓಡಾಡುತ್ತವೆ. ಅಷ್ಟು ಹರವು ಮಗುವಿನ ಕಂಠಕ್ಕಿಲ್ಲ. ಕೆಳಗೆ ದನಿ ಹೂತುಹೋಗುತ್ತದೆ, ಮೇಲೆ ಕಿರುಚಾಗುತ್ತದೆ. ಒಂದು ಸ್ಥಾಯಿಯೊಳಗೆ ನಿಲ್ಲುವ ಹಾಡನ್ನು ಆರಿಸಿ, ಹಾರ್ಮೋನಿಯಮ್ಮಿನ ಬಿಳಿ ಎರಡು ಅಥವಾ ಮೂರರ ಆಸುಪಾಸಿನಲ್ಲಿ ಷಡ್ಜವನ್ನಿಟ್ಟುಕೊಂಡರೆ ಅಪಸ್ವರವೆಂದು ಹಣೆಪಟ್ಟಿ ಹಚ್ಚಿದ ಮಕ್ಕಳಲ್ಲಿ ಎಷ್ಟೋ ಮಂದಿ ಸ್ವರಕ್ಕೆ ಬಂದು ನಿಲ್ಲುತ್ತಾರೆ. ಉಳಿದವರಿಗೆ ಒಂದೇ ಸ್ವರವನ್ನು ಗುನುಗಿ, ಪಕ್ಕದವರ ದನಿಗೆ ಕಿವಿಗೊಟ್ಟು, ಮೇಲಿಂದ ಕೆಳಗೆ ಜಾರಿಸಿ ಹಿಡಿಯುವ ಅಭ್ಯಾಸ ಬೇಕು. ಸ್ವರ ಹಿಡಿಯಲಾಗದ ಮಕ್ಕಳಲ್ಲಿ ಬಹುಮಂದಿಯದು ಕೇಳುವ ಅಭ್ಯಾಸದ ಕೊರತೆಯೇ ಹೊರತು ಕಂಠದ ದೋಷವಲ್ಲ.

ಎರಡನೆಯದು ಹುಡುಗರ ದನಿ ಒಡೆಯುವ ಕಾಲ. ಏಳರಿಂದ ಒಂಬತ್ತನೆಯ ತರಗತಿಯೊಳಗೆ ಬಹುತೇಕ ಹುಡುಗರು ಹಾಡುವುದನ್ನು ಬಿಡುತ್ತಾರೆ. ಅವರನ್ನು ನಗೆಗೀಡುಮಾಡದೆ, ಆ ಕಾಲದಲ್ಲಿ ಅವರ ಕಂಠಕ್ಕೆ ನಿಲುಕುವ ಎರಡು ಮೂರು ಸ್ವರಗಳ ಆಧಾರವನ್ನು ಹಿಡಿಸಿದರೆ ಮೇಳದಲ್ಲಿ ಅವರ ಸ್ಥಾನ ಉಳಿಯುತ್ತದೆ. ತಂಬೂರಿ ಮಾಡುವ ಕೆಲಸವನ್ನು ಹತ್ತು ಹುಡುಗರು ಮಾಡಿದರೆ ಹಾಡಿಗೂ ಗಾಂಭೀರ್ಯ ಬರುತ್ತದೆ.

ಮೂರನೆಯದು ಸಾಹಿತ್ಯ. ಕನ್ನಡ ವಿಭಾಗಗಳಿಗೆ ಹೆಚ್ಚು ಸಂಬಂಧಿಸಿದ್ದು ಇದೇ. ದಖ್ಖನಿಯಲ್ಲಿ ಳಕಾರವಿಲ್ಲ, ಹೈದರಾಬಾದಿನಲ್ಲಿ ಬೆಳೆದ ಮಗುವಿನ ಕನ್ನಡದಲ್ಲಿ ಲ-ಳ ಭೇದ, ಹ್ರಸ್ವ-ದೀರ್ಘ ಭೇದ, ಒತ್ತಕ್ಷರದ ಬಿಗಿ ಮೊದಲು ಸಡಿಲವಾಗುತ್ತವೆ. ಹತ್ತು ಸಲ ತಿದ್ದಿ ಬರೆಸಿದರೂ ಬಾರದ ಉಚ್ಚಾರಣೆ ತಾಳಕ್ಕೆ ಕಟ್ಟಿದ ಪದ್ಯದಲ್ಲಿ ತಾನಾಗಿ ಬರುತ್ತದೆ. ಮಾತ್ರೆ ತಪ್ಪಿದರೆ ತಾಳವೇ ಅದನ್ನು ತೋರಿಸಿಕೊಡುತ್ತದೆ. ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡೆಯನ್ನು ಕೈತಟ್ಟಿ ಹಾಡಿದ ಮಗುವಿಗೆ ಛಂದಸ್ಸಿನ ಪಾಠ ಮುಂದೆ ಹೊಸದಾಗಿ ತೋರದು. ಹದಿನಾಲ್ಕು ಮಾತ್ರೆಯ ಎರಡು ಸಾಲುಗಳಾದ ಮೇಲೆ ಇಪ್ಪತ್ತಮೂರರ ಸಾಲು ಏಕೆ ಉದ್ದವಾಯಿತೆಂಬುದು ಅದರ ಉಸಿರಿಗೇ ಗೊತ್ತಿರುತ್ತದೆ. ಆದರೆ ಇಲ್ಲಿ ಎಚ್ಚರವೂ ಬೇಕು. ಕೆಲವು ಧಾಟಿಗಳು ಹ್ರಸ್ವವನ್ನು ಎಳೆಯುತ್ತವೆ, ಪದವನ್ನು ನಡುವೆ ಮುರಿಯುತ್ತವೆ. ಆದ್ದರಿಂದ ಹಾಡನ್ನು ಮೊದಲು ಮಾತಿನಂತೆ ಓದಿಸಿ, ಅರ್ಥ ಹೇಳಿ, ಅನಂತರ ಧಾಟಿಗೆ ಕೂಡಿಸಬೇಕು. ಗಮಕ ಕಲೆ ಈ ಕ್ರಮವನ್ನು ಮೊದಲಿಂದ ಪಾಲಿಸಿದೆ.

ನಾಲ್ಕನೆಯದು ಕ್ರಮ. ಪುರಂದರದಾಸರು ರೂಪಿಸಿದರೆಂದು ಪರಂಪರೆ ಹೇಳುವ ಸರಳೆ, ಜಂಟಿವರಸೆ, ಅಲಂಕಾರಗಳ ಕ್ರಮ ಗುಂಪಿನಲ್ಲಿಯೂ ಕಲಿಸಬಹುದಾದದ್ದು. ಹಂಗೇರಿಯ ಸಂಗೀತಕಾರ ಝೋಲ್ಟಾನ್ ಕೊಡಾಯ್ ತನ್ನ ದೇಶದ ಮಕ್ಕಳಿಗಾಗಿ ಕಟ್ಟಿದ ಪದ್ಧತಿಯೂ ಹೀಗೆಯೇ ಸ್ವರನಾಮಗಳಿಂದ, ಕೈಸನ್ನೆಗಳಿಂದ, ಜನಪದ ಗೀತೆಗಳಿಂದ ತೊಡಗುತ್ತದೆ. ಅಲ್ಲಿಯೂ ಷಡ್ಜ ಒಂದೆಡೆ ನಿಂತದ್ದಲ್ಲ, ಕಂಠಕ್ಕೆ ತಕ್ಕಂತೆ ಚಲಿಸುವಂಥದು. ೧೯೫೦ರಲ್ಲಿ ಕೆಚ್ಕೆಮೇಟ್ ಎಂಬ ಊರಿನಲ್ಲಿ ಆ ಪದ್ಧತಿಯ ಮೊದಲ ಗಾಯನಶಾಲೆ ತೆರೆಯಿತು. ಸಂಗೀತ ಎಲ್ಲರ ಸೊತ್ತಾಗಬೇಕು, ಅದಕ್ಕೆ ಮನುಷ್ಯನ ಕಂಠವೇ ಮೊದಲ ವಾದ್ಯ ಎಂಬುದು ಕೊಡಾಯನ ವಿಚಾರದ ತಿರುಳು. ಸ್ವರನಾಮಗಳನ್ನು ಸಾವಿರ ವರ್ಷಕ್ಕೂ ಮೇಲಾಗಿ ಬಳಸಿದ ನಾಡಿಗೆ ಇದನ್ನು ಹೊರಗಿನಿಂದ ತರಬೇಕಾಗಿಲ್ಲ. ತನ್ನಲ್ಲಿರುವುದನ್ನು ತರಗತಿಗೆ ಇಳಿಸಬೇಕಾಗಿದೆ.

ಇನ್ನು ಬಹುಧ್ವನಿಯ ಪ್ರಶ್ನೆ. ೧೮೩೪ರಲ್ಲಿ ಆರಂಭವಾದ ಸೇಂಟ್ ಜಾರ್ಜಸ್ ಶಾಲೆಯಿಂದ ತೊಡಗಿ ಹೈದರಾಬಾದಿನ ಕ್ರೈಸ್ತ ಶಾಲೆಗಳಿಗೆ ಪಾಶ್ಚಾತ್ಯ ವೃಂದಗಾನದ ಪರಿಚಯ ಹಳೆಯದು. ೧೯೭೧ರಲ್ಲಿ ಎಂ.ಬಿ. ಶ್ರೀನಿವಾಸನ್ ಅವರು ಕಟ್ಟಿದ ಮದ್ರಾಸ್ ಯೂತ್ ಕಾಯರ್ ಭಾರತೀಯ ಭಾಷೆಗಳ ಗೀತೆಗಳನ್ನು ಬಹುಧ್ವನಿಯಲ್ಲಿ ಹಾಡಬಹುದೆಂದು ತೋರಿಸಿತು. ಕನ್ನಡ ಶಾಲೆ ಒಮ್ಮೆಗೇ ಅಷ್ಟು ದೂರ ಹೋಗಬೇಕಾಗಿಲ್ಲ. ಮೋಹನದಂತಹ ಐದು ಸ್ವರಗಳ ರಾಗದಲ್ಲಿ ಒಂದು ಗುಂಪು ಹಾಡನ್ನು ಆರಂಭಿಸಿ, ಎರಡನೆಯ ಗುಂಪು ಒಂದು ಆವರ್ತ ತಡವಾಗಿ ಸೇರಿಕೊಂಡರೆ ಸ್ವರಗಳು ಅಷ್ಟಾಗಿ ಇರಿಯುವುದಿಲ್ಲ. ಬೇರೆ ಸಾಲನ್ನು ಹಾಡುತ್ತಿರುವವರ ನಡುವೆ ತನ್ನ ಸಾಲನ್ನು ಉಳಿಸಿಕೊಳ್ಳುವ ಪಾಠ ಮಗುವಿಗೆ ದೊರೆಯುತ್ತದೆ. ಬಹುಭಾಷೆಯ ನಗರದಲ್ಲಿ ಬದುಕುವ ಮಗುವಿಗೆ ಈ ಪಾಠ ಸಂಗೀತದ ಆಚೆಗೂ ಬೇಕಾದದ್ದು.

೬

ಈ ನಿಲುವಿಗೆ ಬರಬಹುದಾದ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಗುಂಪಿನಲ್ಲಿ ಹಾಡಿದರೆ ಶಾಸ್ತ್ರೀಯ ಸಂಗೀತಕ್ಕೆ ಬೇಕಾದ ಕಂಠ ಕೆಡುತ್ತದೆ ಎಂಬುದು ಒಂದು. ಕಿರುಚಿಸಿದರೆ ಕೆಡುತ್ತದೆ, ನಿಜ. ಆದರೆ ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದ ವಿಷ್ಣು ದಿಗಂಬರ ಪಲುಸ್ಕರರು ಸಂಗೀತವನ್ನು ತರಗತಿಯ ವಿದ್ಯೆಯನ್ನಾಗಿ ಮಾಡಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳನ್ನು ಒಟ್ಟಿಗೆ ಕೂಡಿಸಿಯೇ ಬೆಳೆಸಿದರು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರ ಮೇಳದಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಇದ್ದರು. ಮುಂದೆ ಗಂಗೂಬಾಯಿ ಹಾನಗಲ್ಲರ ಕಂಠಕ್ಕೆ ಅದರಿಂದ ಹಾನಿಯೇನೂ ಆಗಲಿಲ್ಲ.

ಶಾಲೆಗೆ ವೇಳೆಯಿಲ್ಲ ಎಂಬುದು ಎರಡನೆಯ ಆಕ್ಷೇಪ. ಕನ್ನಡ ಶಾಲೆಗಳು ಉಳಿಯುವುದೇ ಕಷ್ಟವಾಗಿರುವಾಗ, ೨೦೧೮ರ ತೆಲಂಗಾಣದ ಕಾನೂನಿನಂತೆ ತೆಲುಗನ್ನೂ ಕಡ್ಡಾಯವಾಗಿ ಕಲಿಸಬೇಕಾಗಿರುವಾಗ, ಸಂಗೀತಕ್ಕೆ ಎಡೆಯೆಲ್ಲಿ ಎಂದು ಆಡಳಿತ ಮಂಡಳಿಗಳು ಕೇಳುವುದು ಸಹಜ. ಕೇಳುತ್ತಿರುವುದು ದಿನಕ್ಕೆ ಇಪ್ಪತ್ತು ನಿಮಿಷ. ಅದರಲ್ಲಿ ಅರ್ಧ ಈಗಾಗಲೇ ಪ್ರಾರ್ಥನೆಗೆ ಸಲ್ಲುತ್ತಿದೆ. ತೆಲುಗಿನ ಕಲಿಕೆಗೂ ಹಾಡಿಗಿಂತ ಹತ್ತಿರದ ದಾರಿಯಿಲ್ಲ. ೧೯೫೦ರವರೆಗೆ ಡೆಕ್ಕನ್ ರೇಡಿಯೋ ಆಗಿದ್ದ ಹೈದರಾಬಾದ್ ಆಕಾಶವಾಣಿಯಲ್ಲಿ ಮಹಾಭಾಷ್ಯಂ ಚಿತ್ತರಂಜನ್ ಅವರು ತೆಲುಗು ಲಲಿತಗೀತೆಗಳನ್ನು ಕೇಳುಗರಿಗೆ, ಮಕ್ಕಳಿಗೆ ಕಲಿಸಿದ ಪರಂಪರೆ ಈ ನಗರದ್ದೇ. ಕನ್ನಡ ಶಾಲೆಯ ಮೇಳ ಒಂದು ಕನ್ನಡ ಪದ, ಒಂದು ತೆಲುಗು ಪದ, ಒಂದು ದಖ್ಖನಿ ಹಾಡು, ಒಂದು ಮರಾಠಿ ಅಭಂಗವನ್ನು ಶುದ್ಧವ��ಗಿ ಹಾಡಬಲ್ಲುದಾದರೆ ಅದು ಆ ಶಾಲೆಯ ಕನ್ನಡತನಕ್ಕೆ ಕುಂದಲ್ಲ. ನೆರೆಯ ಭಾಷೆಯನ್ನು ಪ್ರೀತಿಯಿಂದ ಹಾಡುವವರ ಭಾಷೆಯನ್ನು ನೆರೆಯವರೂ ಕೇಳುತ್ತಾರೆ.

ಹಾಡಿನಿಂದ ಭಾಷೆ ಉಳಿಯುತ್ತದೆಯೆ ಎಂಬ ಸಂದೇಹ ಮೂರನೆಯದು. ಹಾಡೊಂದರಿಂದಲೇ ಉಳಿಯುವುದಿಲ್ಲ. ಎಸ್ತೋನಿಯಾದಂತಹ, ಹದಿಮೂರು ಹದಿನಾಲ್ಕು ಲಕ್ಷ ಜನರ ಪುಟ್ಟ ದೇಶ ೧೮೬೯ರಿಂದ ಸಮೂಹಗಾನದ ಉತ್ಸವಗಳನ್ನು ನಡೆಸುತ್ತ ಪರಪ್ರಭುತ್ವದ ನಡುವೆಯೂ ತನ್ನ ನುಡಿಯನ್ನು ಕಾಪಾಡಿಕೊಂಡು ಬಂದು, ೧೯೮೮ರ ಬಳಿಕ ಸ್ವಾತಂತ್ರ್ಯದ ಚಳವಳಿಯನ್ನೇ ಹಾಡಿನ ಮೂಲಕ ನಡೆಸಿದ ಉದಾಹರಣೆ ಉಂಟು. ಆದರೆ ಅಲ್ಲಿ ಶಾಲೆ, ಪತ್ರಿಕೆ, ಮನೆ ಎಲ್ಲವೂ ಆ ನುಡಿಯಲ್ಲಿದ್ದವು. ಹೈದರಾಬಾದಿನ ಕನ್ನಡಿಗರ ಸ್ಥಿತಿ ಬೇರೆ. ಇಲ್ಲಿ ಹಾಡಿಗೆ ಅಷ್ಟು ದೊಡ್ಡ ಭಾರವನ್ನು ಹೊರಿಸುವುದು ಅನ್ಯಾಯ. ಕನ್ನಡದಲ್ಲಿ ಮುಂದೆ ಓದದ, ಬರೆಯದ ಮಗುವಿನ ಬಾಯಲ್ಲಿಯೂ ಇಪ್ಪತ್ತು ಮೂವತ್ತು ಕನ್ನಡ ಪದ್ಯಗಳು ಅರ್ಥಸಹಿತವಾಗಿ, ಸರಿಯಾದ ಉಚ್ಚಾರಣೆಯಲ್ಲಿ ನಿಲ್ಲುವಂತೆ ಮಾಡುವುದಷ್ಟೇ ಅದರಿಂದ ಸಾಧ್ಯ. ಅಷ್ಟೂ ಈಗ ಆಗುತ್ತಿಲ್ಲ.

ಇದನ್ನು ಆಗಮಾಡುವ ಹೊಣೆ ಶಾಲೆಯೊಂದರದೇ ಅಲ್ಲ. ರಾಮಕೋಟಿಯಲ್ಲಿ ೧೯೫೨ರಿಂದ ನಡೆದುಬಂದಿರುವ ತ್ಯಾಗರಾಜ ಸರಕಾರಿ ಸಂಗೀತ ಕಾಲೇಜಿಗೂ ಕಾಚಿಗುಡಕ್ಕೂ ನಡುವಿನ ಹಾದಿ ನಡೆದುಹೋಗುವಷ್ಟು ಹತ್ತಿರದ್ದು. ಅಲ್ಲಿಯ ವಿದ್ಯಾರ್ಥಿಗಳು ವಾರಕ್ಕೆರಡು ದಿನ ಬಂದು ಶಾಲೆಯ ಮಕ್ಕಳನ್ನು ಹಾಡಿಸುವ ಏರ್ಪಾಡು ಎರಡೂ ಕಡೆಗೆ ಲಾಭದ್ದು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳ ಪಾಲಿಗೆ ಇನ್ನೊಂದು ಕೆಲಸವಿದೆ. ತತ್ತ್ವಪದ, ರಿವಾಯತ, ದಾಸರ ಪದ, ವಚನ, ಹೊಸಗನ್ನಡ ಕವಿತೆ ಇವುಗಳಿಂದ ಮಕ್ಕಳ ಕಂಠದ ವ್ಯಾಪ್ತಿಗೆ ಒಗ್ಗುವ ಐವತ್ತು ಹಾಡುಗಳನ್ನು ಆರಿಸಿ, ಪಾಠ ಪರಿಷ್ಕರಿಸಿ, ಸ್ವರಪ್ರಸ್ತಾರ, ಮಾತ್ರಾವಿಭಾಗ, ಅರ್ಥಟಿಪ್ಪಣಿಗಳೊಡನೆ ಪ್ರಕಟಿಸಬೇಕು. ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಪದಗಳ ಪಠ್ಯವನ್ನು ಅಚ್ಚುಹಾಕಿ ಧಾಟಿಯನ್ನು ಕೈಬಿಡುವ ರೂಢಿ ಜಾನಪದ ಅಧ್ಯಯನದಲ್ಲಿ ಬಹುಕಾಲದಿಂದ ಇದೆ. ಹಾಡನ್ನು ಓದಿಗಷ್ಟೇ ಉಳಿಸಿದ ಆ ಸಂಗ್ರಹಗಳು ಮಕ್ಕಳ ಬಾಯಿಗೆ ಮರಳಬೇಕಾದರೆ ಧಾಟಿಯೂ ಜೊತೆಗೆ ಬರಬೇಕು. ಹಾಡಬಲ್ಲ ಹಿರಿಯರು ಇನ್ನೂ ಇರುವಾಗಲೇ ಈ ಕೆಲಸ ನಡೆಯಬೇಕು.

ಶಾಲೆಗಳ ಆಡಳಿತ ಮಂಡಳಿಗಳು ಮುಂದಿನ ವರ್ಷದಿಂದ ಮಾಡಬಹುದಾದ ಸುಧಾರಣೆ ತೀರ ಸರಳವಾದದ್ದು. ಪ್ರಾರ್ಥನೆಯ ಹೊತ್ತಿನಲ್ಲಿ ಧ್ವನಿವರ್ಧಕವನ್ನು ನಿಲ್ಲಿಸುವುದು. ಮಕ್ಕಳ ಕಂಠಕ್ಕೆ ಹೊಂದುವ ಶ್ರುತಿಯನ್ನು ಹಿಡಿಯುವುದು. ತಿಂಗಳಿಗೊಂದು ಹಾಡನ್ನು ಅರ್ಥ ಹೇಳಿ ಕಲಿಸುವುದು. ಸ್ಪರ್ಧೆಯ ತಂಡಕ್ಕಿಂತ ಮೊದಲು ಇಡೀ ತರಗತಿಯನ್ನು ಹಾಡಿಸುವುದು. ಯಾವ ಮಗುವಿಗೂ ತುಟಿ ಮಾತ್ರ ಆಡಿಸೆಂದು ಹೇಳದಿರುವುದು ಇವೆಲ್ಲಕ್ಕೂ ಮೊದಲಿನದು.